ಸ್ಕ್ಯಾನ್ ಮಶೀನಿಗೆ ಬೀಗರ ಸ್ಯಾಂಪಲ್ಲು

ವಿಜಯಪುರದ ಒಂದು ಕಣ್ಣಿನ ದವಾಖಾನ್ಯಾಗ ಲೇಸರ್ ಸ್ಕ್ಯಾನ್ ಮಶೀನ್ ನಡಸಾಂವ ನಾನು. ಅದು ಕಣ್ಣು ಮುಟ್ಟಂಗಿಲ್ಲ, ಬರೇ ಬೆಳಕು ಬಿಟ್ಟು ಒಳಗಿನ ಪರದೆ ಫೋಟೊ ತಗೀತೈತಿ. ಎರಡ ನಿಮಿಷದ ಕೆಲಸ ಅಂತ ಕಂಪನಿಯವರು ಹೇಳಿ ಹೋಗ್ಯಾರ. ಪಾಪ, ಅವರು ನಮ್ಮ ಮಂದಿನ್ನ ನೋಡಿಲ್ಲ. ನಾ ದಿನಾ ನೋಡಾಕತ್ತೇನಿ.

೧. ನೋವಿಲ್ಲದ ತಪಾಸಣಿ

ಬಬಲೇಶ್ವರದ ಆಯಿ ಒಬ್ಬಾಕಿ ಬಂದಿದ್ಲು. "ಆತು ಬೇ ಆಯಿ, ಏಳು" ಅಂದೆ. ಏಳಲಿಲ್ಲ.

"ಉರೀಲಿಲ್ಲ, ನೋಯಲಿಲ್ಲ, ಏನಾತೋ ಯಪ್ಪಾ? ಬಸ್ಸಿನ್ಯಾಗ ನಿಂತ ಬಂದೀನಿ. ಇನ್ನೊಮ್ಮೆ ಹಿಡಿ, ಈ ಸಲ ಸ್ವಲ್ಪ ಜೋರ್ ಇಡು."

೨. ರುಮಾಲು

ತಿಕೋಟಾದ ಅಜ್ಜಾರು ಒಬ್ಬರು, ಮಣೂಕದ, ಅಂದ್ರ ಒಣದ್ರಾಕ್ಷಿ ವ್ಯಾಪಾರಿ. ಸಕ್ಕರಿ ಕಾಯಿಲೆ ಐತಿ. ಕನಮಡಿಯ ಬೀಗರು, ಅಂದ್ರ ಸೊಸಿಯ ಅಪ್ಪ, ಜೋಡಿಗೆ ಬಂದಿದ್ರು.

ಮಶೀನಿಗೆ ಹಣಿ ಹಚ್ಚಬೇಕು, ರುಮಾಲು ಅಡ್ಡ ಬಂತು. "ತಗೀರಿ ಅಜ್ಜಾರ" ಅಂದೆ.

"ಬೀಗರ ಮುಂದ ಬರೇ ತಲೀಲೆ ಕುಂದ್ರಲೇನು?"

ಕಡೀಕ ಬೀಗರನ್ನ ಗ್ವಾಡಿ ಕಡೆ ಮಾರಿ ಮಾಡಿ ನಿಂದ್ರಿಸಿದೆ. ಇಷ್ಟ ದೊಡ್ಡ ಮಶೀನು, ಚಾಲೂ ಆಗಬೇಕಂದ್ರ ಬೀಗರು ಗ್ವಾಡಿ ನೋಡಬೇಕು! ಕಂಪನಿಯವರು ಇದನ್ನ ಬುಕ್ಕಿನ್ಯಾಗ ಬರದಿಲ್ಲ.

೩. ಸ್ಯಾಂಪಲ್ಲು

ಫೋಟೊ ನೋಡಿ ನನಗ ಸಂಕಟ ಆತು. ಎಡಗಣ್ಣಿನ ಪರದೆ ನೀರು ತುಂಬಿ ಬಾತಿತ್ತು. "ಲಗೂನ ಕಣ್ಣಿಗೆ ಸೂಜಿ ಹಾಕಿಸ್ರಿ, ಇಲ್ಲಂದ್ರ ಹೋದ ನೋಟ ತಿರುಗಿ ಬರಂಗಿಲ್ಲ" ಅಂತ ಡಾಕ್ಟರ್ ಮೇಡಂ ಹೇಳಿದ್ರು.

ಅಜ್ಜಾರು ನನ್ನ ಮಶೀನಿನ ಮ್ಯಾಲೆ ಹರಿಹಾಯ್ದರು. "ಮಣೂಕ ತೊಗೊಳ್ಳಾಗ ಒಂದ ಹಿಡಿ ನೋಡಿ ಮಾಲು ಕೆಟ್ಟೈತಿ ಅನ್ನಂಗಿಲ್ಲ, ನಾಕ ಬಾಕ್ಸಿನ್ಯಾಗ ಕೈ ಹಾಕಿ ನೋಡತೀವಿ. ನೀವು ನನ್ನ ಒಬ್ಬನ್ನ ನೋಡಿ ಹೆಂಗ ಹೇಳತೀರಿ? ಬೀಗರದೂ ತಗೀರಿ."

ಬೀಗರು ಗ್ವಾಡಿ ಬಿಟ್ಟು ಬಂದು ಕುಂತರು. ಅವರ ಎರಡೂ ಕಣ್ಣು ಸ್ವಚ್ಛ ಬಂದುವು.

ಮೇಡಂ ಹೆದರಿಸಿದಾಗ ಜಪ್ಪಯ್ಯ ಅನ್ನದ ಮನಷ್ಯಾ, ಬೀಗರು ಮೀಸಿ ತಿರುವಿದ್ದು ನೋಡಿ, "ಸೂಜಿ ಇವತ್ತ ಹಾಕತೀರೋ, ನಾಳೆ ಬರಲ್ಯೋ?" ಅಂದರು.

೪. ಬರೋಬ್ಬರಿ

ಮೂರ ತಿಂಗಳು ತಪ್ಪದ ಬಂದು ಸೂಜಿ ಹಾಕಿಸಿಕೊಂಡರು. ಮತ್ತ ಸ್ಕ್ಯಾನ್ ಮಾಡಿದೆ. ಬಾವು ಇಳಿದಿತ್ತು, ಕಣ್ಣು ಉಳಿದಿತ್ತು. ನನಗ ಖರೇನ ಖುಷಿ ಆತು. ಅವರಿಗೂ ಆಗಲಿ ಅಂತ, "ಅಜ್ಜಾರ, ಈಗ ನಿಮ್ಮ ಕಣ್ಣು ಬೀಗರ ಕಣ್ಣಿಗೆ ಬರೋಬ್ಬರಿ, ಸರಿಸಮ ಆಗೇತಿ ನೋಡ್ರಿ" ಅಂದೆ.

ಅಜ್ಜಾರ ಮಾರಿ ಇಳೀತು. "ಬರೋಬ್ಬರಿ ಅಷ್ಟ ಏನು? ಹೆಚ್ಚಿಲ್ಲ?"

"ಇಲ್ರಿ."

ಮೇಡಂ ಕಡೆ ತಿರುಗಿ ಅಂದರು: "ಹಂಗಾದ್ರ ಇನ್ನೊಂದ ಸೂಜಿ ಹಾಕ್ರಿ."