ಧರಣಿ ಹೋಮ್ ಪ್ರಾಡಕ್ಟ್ಸ್‌ನ ಸಂತೃಪ್ತ ಗ್ರಾಹಕರು

ಪ್ರಚಾರವೆಂದರೆ ಬೆಚ್ಚಿಬೀಳುವ ವ್ಯಾಪಾರಿ ಈ ಜಗತ್ತಿನಲ್ಲಿ ಒಬ್ಬಳೇ ಒಬ್ಬಳು ಇದ್ದಾಳೆ. ಅವಳನ್ನು ನಾನು ಮದುವೆಯಾಗಿದ್ದೇನೆ.

ಬೇರೆಯವರ ಮನೆಯಲ್ಲಿ ನಾಲ್ಕು ಹಪ್ಪಳ ಒತ್ತಿದರೂ ಬೀದಿಗೆಲ್ಲ ಗೊತ್ತಾಗುತ್ತದೆ. ನನ್ನ ಧರಣಿ ಮೂಟೆಗಟ್ಟಲೆ ಮೆಣಸಿನಕಾಯಿ ಹುರಿದು ಸಾಂಬಾರು ಪುಡಿ, ರಸಂ ಪುಡಿ, ಬಿಸಿಬೇಳೆಭಾತಿನ ಪುಡಿ ಮಾಡಿ ಮಾರುತ್ತಾಳೆ. ಅಕ್ಕಪಕ್ಕದವರಿಗೆ ಅದರಿಂದ ಸಿಗುವುದು ಸೀನು ಮಾತ್ರ. ಕೊಯಮತ್ತೂರಿನ ಪೀಳಮೇಡಿನ ನಮ್ಮ ಮನೆಗೆ ಮುಂಬಾಗಿಲೆಂಬುದು ಇದೆ. ಅದನ್ನು ಹಾಲಿನವನು, ಕೇಬಲ್ಲಿನವನು ಮತ್ತು ನಾನು ಬಳಸುತ್ತೇವೆ. ಗಿರಾಕಿಗಳು ಬರುವುದು ಹಿತ್ತಿಲ ಬಾಗಿಲಿನಿಂದ. ಬರುವಾಗ ತಮ್ಮ ಮನೆಯ ಡಬ್ಬವನ್ನೇ ತರುತ್ತಾರೆ, ತುಂಬಿಸಿಕೊಂಡು ಸೆರಗಿನಡಿ ಮುಚ್ಚಿಕೊಂಡು ಹೋಗುತ್ತಾರೆ. ಯಾರಾದರೂ ಕಂಡರೆ “ಬ್ಲೌಸ್ ಹೊಲಿಯೋಕೆ ಕೊಡೋಣ ಅಂತ ಬಂದಿದ್ದೆ” ಎನ್ನುತ್ತಾರೆ. ನಮ್ಮ ಮನೆಯಲ್ಲಿ ಹೊಲಿಗೆ ಯಂತ್ರವೇ ಇಲ್ಲ.

ನಾನು ತಿಪಟೂರಿನವನು. ತಿರುಪ್ಪೂರಿನ ಬನಿಯನ್ ರಫ್ತು ಕಂಪನಿಯೊಂದರಲ್ಲಿ ಹಡಗಿನ ಕಾಗದಪತ್ರ ನೋಡಿಕೊಳ್ಳುವ ಕೆಲಸ. ಧರಣಿ ಇಲ್ಲಿಯವಳೇ. ಅವಳ ಹಿರಿಯರು ಯಾವ ಕಾಲದಲ್ಲೋ ಮಗ್ಗ ಹೊತ್ತುಕೊಂಡು ಬಂದು ಕೊಯಮತ್ತೂರಿನಲ್ಲಿ ನೆಲೆ ನಿಂತವರು. ಮನೆಯಲ್ಲಿ ಕನ್ನಡವೇ, ಆದರೆ ಅದರಲ್ಲಿ ಕನ್ನಡ ಎಷ್ಟು, ತಮಿಳು ಎಷ್ಟು ಎಂದು ತೂಗಿ ನೋಡುವ ಧೈರ್ಯ ನನಗಿಲ್ಲ. ನಮ್ಮ ಕಡೆಯವರು ಗಂಡನನ್ನು “ರೀ” ಎಂದರೆ ಅವಳು “ಏನುಂಗ” ಎನ್ನುತ್ತಾಳೆ. ಅದನ್ನು ಎಳೆಯುವ ಉದ್ದದಿಂದಲೇ ನನಗೆ ಆ ದಿನದ ಹವಾಮಾನ ತಿಳಿದುಹೋಗುತ್ತದೆ.

ಆ ವರ್ಷ ಅವಳು ಚೀಟಿ ಎತ್ತಿ ಪುಡಿ ಮಾಡುವ ದೊಡ್ಡ ಮಷೀನೊಂದನ್ನು ತಂದು ಹಿತ್ತಿಲಲ್ಲಿ ಕೂರಿಸಿದ್ದಳು. ಚೀಟಿಯ ಕಂತು ಇನ್ನೂ ಕಟ್ಟುವುದಿತ್ತು. ಮಷೀನು ತಿರುಗಬೇಕಾದರೆ ಗಿರಾಕಿಗಳು ಬರುತ್ತಲೇ ಇರಬೇಕು. ಗಂಡನಾದವನು ಕೈಕಟ್ಟಿ ಕೂರಬಹುದೇ?

“ಮುಂದೆ ಒಂದು ಬೋರ್ಡ್ ಹಾಕೋಣ” ಎಂದೆ.

“ಬೇಡ.”

“ಡಬ್ಬಕ್ಕೆ ಲೇಬಲ್ ಅಂಟಿಸೋಣ. ಹೆಸರು ಯೋಚಿಸಿದೀನಿ. ಧರಣಿ ಹೋಮ್ ಪ್ರಾಡಕ್ಟ್ಸ್!”

“ಏನುಂಗ,” ಎಂದಳು, “ನನ್ನ ವ್ಯಾಪಾರಂ ನಡೀತಾ ಇರೋದೇ ಯಾರೂ ಬಾಯಿ ಬಿಡದೆ ಇರೋದಕ್ಕೆ. ನೀವೂ ಬಾಯಿ ಬಿಡದೆ ಇದ್ರೆ ಇನ್ನೂ ರೊಂಬ ಚೆನ್ನಾಗಿ ನಡೀತದೆ.”

ಬ್ರ್ಯಾಂಡ್ ಎಂದರೇನೆಂದು ತಿಳಿಯದ ಹೆಂಗಸಿನ ಅಜ್ಞಾನವೆಂದು ನಾನು ಮರುಕಪಟ್ಟೆ.

ಅಷ್ಟರಲ್ಲಿ ನಮ್ಮ ಕಂಪನಿಯವರು ನಮ್ಮನ್ನೆಲ್ಲ ಒಂದು ದಿನದ ಮಾರ್ಕೆಟಿಂಗ್ ಸೆಮಿನಾರಿಗೆ ಕಳಿಸಿದರು. ಕೆಂಪು ಟೈ ಕಟ್ಟಿದ ಒಬ್ಬ ಮಹಾನುಭಾವರು ಬೆಳಗಿನಿಂದ ಸಂಜೆಯವರೆಗೆ ಒಂದೇ ಮಾತನ್ನು ಬೇರೆ ಬೇರೆ ಚಿತ್ರಗಳಲ್ಲಿ ತೋರಿಸಿದರು. ಅದರ ಸಾರಾಂಶ ಇಷ್ಟೇ: ಇನ್ನು ಮುಂದೆ ವ್ಯಾಪಾರವೆಲ್ಲ ಇಂಟರ್ನೆಟ್ಟಿನ ಗೆಳೆಯರ ಕೂಟವಾದ ಆರ್ಕುಟ್‌ನಲ್ಲಿ, ಗಿರಾಕಿಯ ಬಾಯಿಂದ ಬಂದ ಹೊಗಳಿಕೆಯೇ ಬಂಡವಾಳ, ಅದನ್ನು ಬಚ್ಚಿಟ್ಟವನು ಕೆಟ್ಟ. (ಮಧ್ಯಾಹ್ನದ ಊಟದಲ್ಲಿ ಕೊಟ್ಟ ಸಾಂಬಾರು ನೀರುನೀರಾಗಿತ್ತು. ಅದನ್ನು ತಿನ್ನುವಾಗಲೇ ನನ್ನ ನಿರ್ಧಾರ ಗಟ್ಟಿಯಾದದ್ದು.)

ಮನೆಗೆ ಬಂದವನೇ ಕಂಪ್ಯೂಟರ್ ಮುಂದೆ ಕೂತು ಧರಣಿಯ ಹೆಸರಿನಲ್ಲಿ ಆರ್ಕುಟ್ ಪುಟ ತೆರೆದೆ. ಫೋಟೋ ಕೊಡೆಂದರೆ ಅವಳು ಕೊಡಲಿಲ್ಲವಾಗಿ ಕುಂಕುಮವಿಟ್ಟ ಮಷೀನಿನ ಫೋಟೋ ಹಾಕಿದೆ. “ಧರಣಿ ಹೋಮ್ ಪ್ರಾಡಕ್ಟ್ಸ್” ಎಂಬ ಕಮ್ಯೂನಿಟಿಯನ್ನೂ ಸ್ಥಾಪಿಸಿದೆ. ಗಿರಾಕಿಗಳನ್ನೆಲ್ಲ ಹುಡುಕಿ ಹುಡುಕಿ ಗೆಳೆತನ ಕೋರಿದೆ. ಧರಣಿಯೇ ಕರೆಯುತ್ತಿದ್ದಾಳೆಂದುಕೊಂಡು ಎಲ್ಲರೂ ಬಂದರು. ಧರಣಿ ಕೇಳಿದ್ದಕ್ಕೆ, “ಇದು ಫೋನ್ ನಂಬರ್ ಬರೆದಿಡೋ ಪುಸ್ತಕ ಇದ್ದಂಗೆ” ಎಂದೆ. ಅವಳು ಕಂಪ್ಯೂಟರಿನ ಮೇಲಿನ ಧೂಳು ಒರೆಸುತ್ತಿದ್ದಳೇ ಹೊರತು ಒಳಗೆ ಇಣುಕುತ್ತಿರಲಿಲ್ಲ.

ಇಲ್ಲಿ ಓದುಗರಿಗೆ ಆರ್ಕುಟ್ಟಿನ ಒಂದು ಸೂಕ್ಷ್ಮವನ್ನು ಹೇಳಬೇಕು. ಅಲ್ಲಿ ಸ್ಕ್ರ್ಯಾಪ್ ಎಂಬ ಚೀಟಿ ಬರೆದರೆ ಊರಿಗೆಲ್ಲ ಕಾಣುತ್ತದೆ. ಟೆಸ್ಟಿಮೋನಿಯಲ್ ಎಂಬ ಹೊಗಳಿಕೆ ಬರೆದರೆ ಮೊದಲು ಪುಟದ ಯಜಮಾನರಿಗೆ ಮಾತ್ರ ಕಾಣುತ್ತದೆ. ಅವರು ‘ಅಕ್ಸೆಪ್ಟ್’ ಒತ್ತಿದರೆ ಮಾತ್ರ ಊರಿಗೆ ಕಾಣುತ್ತದೆ. ಆದ್ದರಿಂದ ಜಾಣೆಯರು ಗುಟ್ಟಿನ ಮಾತುಗಳನ್ನು ಹೊಗಳಿಕೆಯ ಜಾಗದಲ್ಲಿ ಬರೆದು, ‘ಅಕ್ಸೆಪ್ಟ್ ಮಾಡಬೇಡಿ’ ಎಂದು ಸೇರಿಸುತ್ತಿದ್ದರು. ಓದಿದವರು ಅದನ್ನು ಅಳಿಸಿಬಿಟ್ಟರೆ ಮುಗಿಯಿತು. ಈ ಉಪಾಯ ಇಡೀ ದೇಶಕ್ಕೆ ಗೊತ್ತಿತ್ತು. ನನಗೆ ಗೊತ್ತಿರಲಿಲ್ಲ.

ಮೊದಲು ಬರೆದವಳು ಭೂಮಿ. ಹಾಸನದ ಹುಡುಗಿ, ಶರವಣಂಪಟ್ಟಿಯ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ. “ಅಕ್ಕಾ, ಇದನ್ನು ಅಕ್ಸೆಪ್ಟ್ ಮಾಡಬೇಡಿ. ಹೋದ ಸಲ ಅತ್ತೆ ಬಂದಾಗ ನಿಮ್ಮ ಬಿಸಿಬೇಳೆಭಾತಿನ ಪುಡೀನ ನಾನೇ ಮಾಡಿದ್ದು ಅಂದೆ. ಕಣ್ಣಲ್ಲಿ ನೀರು ಹಾಕ್ಕೊಂಡು ತಮ್ಮ ಎರಡೆಳೆ ಸರ ಬಿಚ್ಚಿ ನನ್ನ ಕೊರಳಿಗೆ ಹಾಕಿದರು. ಮುಂದಿನ ವಾರ ಮತ್ತೆ ಬರ್ತಿದಾರೆ. ಈ ಸಲ ಬಳೆ ಮೇಲೆ ನನ್ನ ಕಣ್ಣಿದೆ, ಚಟ್ನಿಪುಡೀನೂ ಕೊಡಿ.”

ಮರುದಿನ ದಾವಣಗೆರೆಯ ಹಿನಾ ಬರೆದಳು. “ಅಕ್ಕಾರ, ಅಕ್ಸೆಪ್ಟ್ ಮಾಡಬ್ಯಾಡ್ರಿ ಮತ್ತ. ಆಫೀಸಿನ ಅಡುಗಿ ಸ್ಪರ್ಧೆದಾಗ ನಿಮ್ಮ ರಸಂ ಪುಡಿಯಿಂದ ನನಗ ಫಸ್ಟ್ ಪ್ರೈಜ್ ಬಂತ್ರಿ. ಎಲ್ಲಾರೂ ರೆಸಿಪಿ ಕೇಳಾಕತ್ತಾರ. ಏನಾರ ಒಂದು ಸುಳ್ಳು ಹೇಳಿಕೊಡ್ರಿ.”

ಆಮೇಲೆ ನಾಲ್ಕು ಬೀದಿಯಾಚೆಯ ಪಂಕಜಂ. ಇವಳು ಧರಣಿಯ ಹಾಗೆ ಇಲ್ಲಿಯ ಹಳೆಯ ಕನ್ನಡ ಮನೆತನದವಳು. “ಅಕ್ಸೆಪ್ಟ್ ವೇಂಡಾಂ ಅಕ್ಕಾ. ನಮ್ಮ ಅತ್ತೆ ಸಾಂಬಾರ್ ತಿಂದು, ‘ಈಗ ತಾನ್ ನೀನು ನನ್ನ ಸೊಸೆ’ ಅಂತ ಸಾಮಾನು ರೂಮಿನ ಬೀಗದ ಸಾವಿ ನನ್ನ ಕೈಗೆ ಕೊಟ್ಬಿಟ್ರು. ಡಬ್ಬ ಖಾಲಿ. ಬುಧವಾರ ಪೂಜೆಗೆ ಕೋಯಿಲ್‌ಗೆ ಹೋಗ್ತೀನಿ ಅಂತ ಹೇಳಿ ಬರ್ತೀನಿ.”

ಓದಿ ನನಗೆ ರೋಮಾಂಚನವಾಯಿತು. ಅತ್ತೆಯ ನಾಲಿಗೆಯನ್ನೇ ಏಮಾರಿಸಿದ ಪುಡಿ! ಇದಕ್ಕಿಂತ ದೊಡ್ಡ ಸರ್ಟಿಫಿಕೇಟನ್ನು ಯಾವ ಸರ್ಕಾರ ಕೊಟ್ಟೀತು? ‘ಅಕ್ಸೆಪ್ಟ್ ಮಾಡಬೇಡಿ’ ಎಂದಿದ್ದರಲ್ಲ ಎಂದು ನೀವು ಕೇಳಬಹುದು. ಸ್ವಾಮಿ, ನಾನು ಪಂಕ್ತಿಯಲ್ಲಿ ಬಡಿಸಿ ಬೆಳೆದವನು. ಉಣ್ಣುವವರು ‘ಬೇಡ, ಬೇಡ’ ಎಂದು ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದರೆ ಬೆರಳ ಸಂದಿಯಲ್ಲಿ ಹೋಳಿಗೆ ತೂರಿಸಬೇಕೆಂಬುದು ನಮ್ಮ ಸಂಸ್ಕೃತಿ. ಬೇಡವೆಂದವರಿಗೆ ಬಡಿಸದೆ ಮುಂದೆ ಹೋದವನನ್ನು ಊರು ಇಂದಿಗೂ ಆಡಿಕೊಳ್ಳುತ್ತದೆ. ಹೆಣ್ಣುಮಕ್ಕಳು ಸಂಕೋಚಕ್ಕೆ ಬೇಡ ಅಂದಿದ್ದಾರೆ, ಪಾಪ ಎಂದುಕೊಂಡು ಎಲ್ಲವನ್ನೂ ಅಕ್ಸೆಪ್ಟ್ ಮಾಡಿದೆ.

ಅಷ್ಟಕ್ಕೇ ನಿಲ್ಲಲಿಲ್ಲ. ‘ಮಾಡಬೇಡಿ’ ಎಂಬ ಸಂಕೋಚದ ಸಾಲುಗಳನ್ನು ಮಾತ್ರ ತೆಗೆದು, ಉಳಿದದ್ದನ್ನು ಹೆಸರು, ಊರು ಸಮೇತ ಕಮ್ಯೂನಿಟಿಗೂ ಇಳಿಸಿ, ‘ನಮ್ಮ ಸಂತೃಪ್ತ ಗ್ರಾಹಕರು’ ಎಂದು ತಲೆಬರಹ ಕೊಟ್ಟೆ. ಕೆಂಪು ಟೈಯವರು ನೋಡಿದ್ದರೆ ನನ್ನನ್ನು ಅಪ್ಪಿಕೊಳ್ಳುತ್ತಿದ್ದರು.

ಅತ್ತೆಯರು ಯಾರೂ ಆರ್ಕುಟ್‌ನಲ್ಲಿ ಇರಲಿಲ್ಲ, ನಿಜ. ನಾದಿನಿಯರಿದ್ದರು.

ಶನಿವಾರ ಹಿತ್ತಿಲ ಬಾಗಿಲು ಒಂದು ಸಲವೂ ಸದ್ದು ಮಾಡಲಿಲ್ಲ. ಭಾನುವಾರ ಬೆಳಿಗ್ಗೆ ಫೋನುಗಳು ಶುರುವಾದವು. ಭೂಮಿ ಅಳುತ್ತಿದ್ದಳು; ಅವಳ ಅತ್ತೆ ಬಂದಿಳಿದವರೇ ಕಾಫಿ ಕೂಡ ಕುಡಿಯದೆ ಸರ ವಾಪಸ್ ಕೇಳಿದ್ದರು. ಹಿನಾಳ ಬಹುಮಾನದ ಪ್ರೆಶರ್ ಕುಕ್ಕರನ್ನು ಆಫೀಸಿನವರು ಹಿಂದಕ್ಕೆ ಪಡೆಯುವ ಮಾತಾಡುತ್ತಿದ್ದರು. ಪಂಕಜಂ ಮಾತ್ರ ಫೋನ್ ಮಾಡಲಿಲ್ಲ, ಅದರಿಂದಲೇ ಧರಣಿಗೆ ಹೆಚ್ಚು ಭಯವಾಯಿತು.

“ಏ...ನುಂಗ!”

ಅಷ್ಟುದ್ದದ ಏನುಂಗವನ್ನು ನಾನು ಅದುವರೆಗೆ ಕೇಳಿರಲಿಲ್ಲ. ಕಂಪ್ಯೂಟರ್ ಹಚ್ಚಿ ತೋರಿಸಿದೆ. ಅವಳು ಓದುತ್ತಾ ಹೋದಳು. ಕೊನೆಯ ಸಾಲಿಗೆ ಬರುವಷ್ಟರಲ್ಲಿ ಅವಳ ಕಣ್ಣಲ್ಲಿ ನೀರು ತುಂಬಿತ್ತು. ನಿಜ ಹೇಳುತ್ತೇನೆ, ಅವಳು ಬೈದಿದ್ದರೆ ನನಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ.

“ನಾನು ಪುಡಿ ಮಾರ್ತಾ ಇದೀನಿ ಅಂದ್ಕೊಂಡ್ರಾ? ಪುಡಿ ಯಾವ ಅಂಗಡೀಲೂ ಸಿಗ್ತದೆ. ನನ್ನ ಹತ್ರ ಅವರು ದುಡ್ಡು ಕೊಟ್ಟು ವಾಂಗೋದು ಮಾನಂ! ನಾನು ಮಾಡಿದ್ದು ಅಂತ ಹೇಳ್ಕೊಳ್ಳೋ ಮಾನಂ! ಅದಕ್ಕೆ ತಾನ್ ಡಬ್ಬ ಅವರದ್ದು, ಹೆಸರು ಅವರದ್ದು.”

“ಆದರೂ ಒಂದು ಬ್ರ್ಯಾಂಡ್ ಅಂತ...”

“ನಿಮ್ಮ ಕಂಪನಿ ಬನಿಯನ್‌ಗೆ ಯಾರ ಲೇಬಲ್ ಹಾಕ್ತೀರಿ? ಲಂಡನ್ನಿನ ವೆಳ್ಳಕ್ಕಾರರದ್ದು ತಾನೇ? ಇದು ತಿರುಪ್ಪೂರಲ್ಲಿ ನಾವು ಹೊಲಿದಿದ್ದು ಅಂತ ನಿಮ್ಮ ಕಂಪನಿ ಮೊದಲಾಳಿ ಲಂಡನ್‌ಗೆ ಹೋಗಿ ತಮಟೆ ಹೊಡೀತಾರಾ? ಹೊಡೆದ್ರೆ ಮರುದಿನಂ ಆರ್ಡರ್ ಬರ್ತದಾ?”

ಆರು ವರ್ಷ ಆ ಲೇಬಲ್ಲುಗಳ ಕಾಗದಪತ್ರ ಬರೆದ ನನಗೆ ಉತ್ತರ ತಿಳಿದಿತ್ತು. ಹೇಳುವಷ್ಟರಲ್ಲಿ ಮುಂಬಾಗಿಲಿನ ಬೆಲ್ ಆಯಿತು.

ಪಂಕಜಂಳ ಅತ್ತೆ ಸುಬ್ಬಾತಾಳ್ ನಿಂತಿದ್ದರು. ಕೈಯಲ್ಲಿ ಹಳದಿ ಬಟ್ಟೆಯ ಚೀಲ, ಹಿಂದೆ ತಲೆ ತಗ್ಗಿಸಿದ ಪಂಕಜಂ. ಇಡೀ ಬಡಾವಣೆಯ ಕನ್ನಡ ಮನೆಗಳ ಮದುವೆ, ಜಗಳ, ಸಾಂಬಾರು ಮೂರಕ್ಕೂ ಅವರೇ ಸುಪ್ರೀಂ ಕೋರ್ಟು.

“ನಮ್ಮ ಚಿನ್ನತಾಯಿ ಫೋನಲ್ಲಿ ಓದಿ ಹೇಳಿದ್ಲು,” ಎಂದರು ಕೂರದೆಯೇ. ಚಿನ್ನತಾಯಿ ಅವರ ಮಗಳು, ಅಂದರೆ ಪಂಕಜಂಳ ನಾದಿನಿ. “ನನ್ನ ಸೊಸೆ ಸಾಂಬಾರ್ ಪುಡಿ ಇಲ್ಲಿಂದ ವಾಂಗ್ತಾಳಂತೆ. ನಿಜಮಾ?”

ಪಂಕಜಂಳ ಮುಖ ಸುಣ್ಣವಾಯಿತು. ಧರಣಿ ಒಂದು ಉಸಿರು ಎಳೆದುಕೊಂಡಳು. ಆಮೇಲೆ ತೋರುಬೆರಳನ್ನು ನೆಟ್ಟಗೆ ನನ್ನ ಕಡೆ ಚಾಚಿದಳು.

“ಅದೆಲ್ಲಾ ಇವರೇ ಬರೆದಿದ್ದು ಅಮ್ಮಾ. ವ್ಯಾಪಾರಂ ಆಗ್ಲಿ ಅಂತ ಊರಲ್ಲಿರೋ ಹೆಂಗಸರ ಪೇರೆಲ್ಲಾ ಹಾಕಿ ಸುಳ್ಳು ಬರೆದಿದಾರೆ. ನನಗೆ ಈಗ ತಾನ್ ತಿಳೀತು.”

ನಾನು ಬಾಯಿ ತೆರೆದೆ. ಧರಣಿ ನನ್ನನ್ನು ನೋಡಿದಳು. ಅವಳ ಬೆನ್ನ ಹಿಂದೆ ಹಿತ್ತಿಲಲ್ಲಿ ಮಷೀನು ತಣ್ಣಗೆ ಕೂತಿತ್ತು. ಬಾಯಿ ಮುಚ್ಚಿದೆ.

“ಏನ್ ತಂಬಿ?” ಸುಬ್ಬಾತಾಳ್ ಹತ್ತಿರ ಬಂದರು. “ನಿಮ್ಮ ಕಡೆ ಗಂಡಸರು ಹಿಂಗೇ ಹೆಂಗಸರ ಪೇರಲ್ಲಿ ಬರೀತಾರಾ? ‘ನಮ್ಮ ಅತ್ತೆ’ ಅಂತೆಲ್ಲಾ?”

“ಬರೀಬಾರದಿತ್ತು,” ಎಂದೆ. “ತಪ್ಪಾಯಿತಮ್ಮಾ.”

“ನೋಡೋಕೆ ಮನುಷರಂಗೇ ಇದೀಯ!” ಎಂದು ಅವರು ಧರಣಿಯತ್ತ ತಿರುಗಿದರು. “ನಿನ್ನ ಪುಡಿ ಕೊಂಚ ತಾ, ನೋಡೋಣ.”

ಇದನ್ನು ಯಾರೂ ನಿರೀಕ್ಷಿಸಿರಲಿಲ್ಲ. ಧರಣಿ ಚಮಚದಲ್ಲಿ ತಂದದ್ದನ್ನು ಅವರು ಅಂಗೈಗೆ ಸುರಿದುಕೊಂಡು ನಾಲಿಗೆಗೆ ಹಚ್ಚಿದರು. ಕಣ್ಣು ಮುಚ್ಚಿದರು. ಪಂಕಜಂ ಗೋಡೆ ಹಿಡಿದುಕೊಂಡಳು.

“ಪರವಾಗಿಲ್ಲ,” ಎಂದರು ಕಣ್ಣು ಬಿಟ್ಟು. “ಆದ್ರೆ ನಮ್ಮ ಪಂಕಜಂ ಕೈ ರುಚಿ ಇದಕ್ಕೆ ಬರಲ್ಲ. ಹೋಗಮ್ಮಾ, ಆಟೋ ಹಿಡಿ.”

ಪಂಕಜಂ ಓಡಿದಳು. ಅವಳ ಹೆಜ್ಜೆ ಗೇಟು ದಾಟಿದ್ದನ್ನು ಕೇಳಿಸಿಕೊಂಡು ಸುಬ್ಬಾತಾಳ್ ಹಳದಿ ಚೀಲಕ್ಕೆ ಕೈ ಹಾಕಿ ಖಾಲಿ ಸ್ಟೀಲ್ ಡಬ್ಬವೊಂದನ್ನು ತೆಗೆದರು.

“ಇದರ ತುಂಬಾ ಹಾಕು. ಚಿನ್ನತಾಯಿಗೆ ನಾನೇ ಒರಳಲ್ಲಿ ಇಡಿಚ್ಚಿದ್ದು ಅಂತ ಹೇಳಿ ಕಳಿಸ್ಬೇಕು. ಪಂಕಜಂಗೆ ತಿಳಿಯೋದು ಬೇಡ.” ಡಬ್ಬ ಚೀಲದೊಳಗೆ ಹೋದ ಮೇಲೆ ಧರಣಿಯ ಕೆನ್ನೆ ಸವರಿ, “ಪಾವಂ ನೀನು! ಇಂತಾ ಗಂಡನ್ನ ಕಟ್ಕೊಂಡು ಹೆಂಗ್ ಕಾಲಂ ತಳ್ಳ್ತೀಯೋ!” ಎಂದು ನನಗೆ ಕೇಳುವಂತೆಯೇ ಹೇಳಿ ಹೊರಟರು.

ನಾನು ಕುಣಿದಾಡಿದೆ. “ಅವರಿಗೆ ಗೊತ್ತು! ಮನೆಯಿಂದಲೇ ಡಬ್ಬ ತಂದಿದ್ದರು! ನಾನು ಸುಳ್ಳುಗಾರ ಅಲ್ಲ ಅಂತ ಅವರಿಗೆ ಗೊತ್ತು!”

“ಗೊತ್ತು ತಾನ್,” ಎಂದಳು ಧರಣಿ ಶಾಂತವಾಗಿ. “ಹೋಗಿ ಯಾರಿಗೆ ಹೇಳ್ತೀರಿ, ಹೇಳುಂಗ. ನಂಬ್ತಾರಾ?”

ಆ ಮಧ್ಯಾಹ್ನ ಹೊಗಳಿಕೆಗಳನ್ನೆಲ್ಲ ಅಳಿಸಿ, ಅವಳು ಹೇಳಿದಂತೆ ಕಮ್ಯೂನಿಟಿಯಲ್ಲಿ ಬರೆದೆ: “ಇಲ್ಲಿ ಪ್ರಕಟವಾಗಿದ್ದ ಅಭಿಪ್ರಾಯಗಳನ್ನೆಲ್ಲ ವ್ಯಾಪಾರದ ದುರಾಸೆಯಿಂದ ನಾನೇ ಹೆಂಗಸರ ಹೆಸರಿನಲ್ಲಿ ಸುಳ್ಳು ಪುಟ ತೆರೆದು ಕಲ್ಪಿಸಿ ಬರೆದಿರುತ್ತೇನೆ. ಅವರ ಅಡುಗೆಗೂ ನಮ್ಮ ಪುಡಿಗೂ ಸಂಬಂಧವಿಲ್ಲ. ಕ್ಷಮೆ ಇರಲಿ. ಇತಿ, ಮಂಜೇಶ್.” ಸೆಮಿನಾರಿನ ಭಾಷೆಯಲ್ಲಿ ಹೇಳುವುದಾದರೆ, ನಾನು ಬರೆದವುಗಳಲ್ಲಿ ಅತಿ ಹೆಚ್ಚು ಜನರನ್ನು ತಲುಪಿದ್ದು ಇದೇ.

ಫಲ ಕೂಡಲೇ ಸಿಕ್ಕಿತು. ಭೂಮಿಯ ಕೊರಳಿಗೆ ಸರ ಮರಳಿತು, ಅನುಮಾನಪಟ್ಟ ತಪ್ಪಿಗೆ ಬಳೆಯೂ ಬಂತಂತೆ. ಹಿನಾಳ ಕುಕ್ಕರ್ ಹಿನಾಳಲ್ಲೇ ಉಳಿಯಿತು. ಸುಬ್ಬಾತಾಳ್ ಹೋದಹೋದಲ್ಲಿ ಧರಣಿಯ ದುರದೃಷ್ಟವನ್ನು ವರ್ಣಿಸಿದರು. ಅಂಥ ಗಂಡನಿರುವ ಹೆಣ್ಣಿಗೆ ಆಸರೆಯಾಗಬೇಕೆಂದು ಹೊಸ ಹೊಸ ಸೊಸೆಯರು ಹಿತ್ತಿಲಿಗೆ ಬಂದರು. ಅವರ ಅತ್ತೆಯರು ಬೇರೆ ಹೊತ್ತಿನಲ್ಲಿ ಬಂದರು. ಮಷೀನು ಬೆಳಿಗ್ಗೆಯಿಂದ ಸಂಜೆಯವರೆಗೆ ತಿರುಗತೊಡಗಿತು. ನಾನು ಬಸ್‌ಸ್ಟಾಪಿನಲ್ಲಿ ನಿಂತರೆ ಹೆಂಗಸರು ಸೆರಗು ಸರಿಮಾಡಿಕೊಂಡು ದೂರ ಸರಿಯುತ್ತಾರೆ. ತಿರುಪ್ಪೂರಿನ ಆಫೀಸಿನಲ್ಲಿ ನನ್ನನ್ನು ‘ಪಂಕಜಂ’ ಎಂದೇ ಕರೆಯುತ್ತಾರೆ.

ಮೊನ್ನೆ ಊಟಕ್ಕೆ ಕೂತಾಗ ಧರಣಿ ಕೇಳದೆಯೇ ಎರಡನೇ ಸಲ ತುಪ್ಪ ಬಡಿಸಿದಳು. ಇಷ್ಟು ಪ್ರೀತಿಗೆ ಕಾರಣವೇನೆಂದು ತಿಳಿಯದೆ ಮುಖ ನೋಡಿದೆ.

“ಏನುಂಗ,” ಎಂದಳು. ಪುಟ್ಟದಾದ, ಮೃದುವಾದ ಏನುಂಗ. “ಇನ್ನೊಂದು ಮಷೀನ್ ತರೋಣ ಅಂತ ಇದೀನಿ. ದೀಪಾವಳಿ ಬೇರೆ ಬರ್ತಾ ಇದೆ.”

“ತಾ. ನಾನೇನು ಮಾಡಬೇಕು?”

“ಜನ ಹಳೇದನ್ನ ಮರೀತಾ ಇದಾರೆ. ಅದಕ್ಕೇ, ಇನ್ನೊಂದು ತಪ್ಪು ಮಾಡುಂಗ. ಈ ಸಲ ಕೊಂಚ ದೊಡ್ಡದಾಗೇ ಇರಲಿ.”