ದಾಖಲೆ ಕೊಠಡಿಯ ಮೂಗು: ಎಡ ಹೊಳ್ಳೆಗೆ ಮಾತ್ರ ಅನುಮತಿ

ಸುತ್ತೋಲೆ ಸಂಖ್ಯೆ: ಆಡಳಿತ/ಮೂಗು/ಎಡ-ಬಲ/೭

ಉಲ್ಲೇಖ: (ಅ) "ಈ ಮೂಗು ಯಾಕಾದ್ರೂ ಇದೆಯೋ?" ಎಂದು ಹಳೇ ದಾಖಲೆ ಕೊಠಡಿಯ ಗುಮಾಸ್ತರು ಕಪಾಟಿನೆದುರು ನಿಂತು, ಯಾರನ್ನೂ ಉದ್ದೇಶಿಸದೆ ಕೇಳಿದ ಪ್ರಶ್ನೆ.
(ಆ) ಸದರಿಯವರ ರಜೆ ಅರ್ಜಿ.

ವಿಷಯ: ಸೈನಸ್ ಚಿಕಿತ್ಸೆಗಾಗಿ ಮೂಗು ತೆರೆಸಿಕೊಳ್ಳುವ ಕುರಿತು.

ಸದರಿ ಗುಮಾಸ್ತರ ಮೂಗು ಬಹುಕಾಲದಿಂದ ಕಟ್ಟಿದೆ. ಕೊಯ್ಯದೆ, ಹೊಲಿಯದೆ, ಹೊಳ್ಳೆಯೊಳಗೆ ಪುಟ್ಟ ಬಲೂನು ತೂರಿಸಿ, ಉಬ್ಬಿಸಿ, ಸೈನಸ್ಸಿನ ಬಾಯಿ ಅಗಲಿಸಿ ಅದೇ ದಿನ ಮನೆಗೆ ಕಳಿಸುವುದಾಗಿ ವೈದ್ಯೆ ತಿಳಿಸಿದ್ದಾರೆ. ಮಗಳ ಕೂಸನ್ನೆತ್ತಿ ನೆತ್ತಿ ಮೂಸಿದರೂ ಏನೂ ತಿಳಿಯುತ್ತಿಲ್ಲ, ಅದು ಬೆಳೆದುಬಿಡುವ ಮುನ್ನ ಆ ಘಮ ಒಮ್ಮೆ ಸಿಗಲಿ ಎಂಬುದು ಅರ್ಜಿದಾರರ ಅಳಲು.

ಆದರೆ ಸದರಿ ಕೊಠಡಿಯ ಕಪಾಟುಗಳ ಹಿಂದೆ ಇಲಿಗಳು ಸತ್ತಿದ್ದು, ಮೂಗು ನೆಟ್ಟಗಿರುವ ಯಾರೂ ಅಲ್ಲಿ ನಿಲ್ಲಲಾರರು. ಹಿಂದಿನ ಗುಮಾಸ್ತರು ಊಟಕ್ಕೆಂದು ಎದ್ದವರು ಬಿಟ್ಟುಹೋದ ಕೈಚೀಲ ಒಯ್ಯಲೂ ಮರಳಲಿಲ್ಲ. ಕಾರಣ, ಕಟ್ಟಿದ ಮೂಗನ್ನು ಆ ಹುದ್ದೆಯ ಅರ್ಹತೆಯೆಂದು ಪರಿಗಣಿಸಿ ಈ ಕೆಳಕಂಡಂತೆ ಸೂಚಿಸಲಾಗಿದೆ:

೧. ಎಡ ಹೊಳ್ಳೆಯನ್ನು ಕುಟುಂಬದ ಉಪಯೋಗಕ್ಕಾಗಿ ತೆರೆಸಬಹುದು. ಬಲ ಹೊಳ್ಳೆ ಕಚೇರಿಯದು, ಯಥಾಸ್ಥಿತಿ ಕಾಪಾಡತಕ್ಕದ್ದು.

೨. ಕಚೇರಿ ವೇಳೆಯಲ್ಲಿ ಎಡ ಹೊಳ್ಳೆಗೆ ಹತ್ತಿಯಿಟ್ಟು ಮೊಹರು ಮಾಡಲಾಗುವುದು. ಮೊಹರು ತೆಗೆಯುವ ಅನುಮತಿ ಬರುವವರೆಗೆ ಸೀನನ್ನು ಕಾಯ್ದಿರಿಸತಕ್ಕದ್ದು.

೩. ಗಾಯ ಕಾಣದವರಿಗೆ ರಜೆಯಿಲ್ಲ. ಈ ಚಿಕಿತ್ಸೆಯಲ್ಲಿ ಗಾಯವೇ ಕಾಣದಿರುವುದರಿಂದ, ವೈದ್ಯೆಯು ಮೊಣಕಾಲಿಗಾದರೂ ದೊಡ್ಡದೊಂದು ಪಟ್ಟಿ ಕಟ್ಟಿ ಕಳಿಸತಕ್ಕದ್ದು.

೪. ಬಳಸಿದ ಬಲೂನನ್ನು ಗಾಳಿ ಸಹಿತ ಉಗ್ರಾಣಕ್ಕೆ ಒಪ್ಪಿಸತಕ್ಕದ್ದು.

೫. ತುರ್ತಿದ್ದಲ್ಲಿ, ಕೂಸಿನ ನೆತ್ತಿಯನ್ನು ಅದರ ಅಜ್ಜಿ, ಅಂದರೆ ಅರ್ಜಿದಾರರ ಪತ್ನಿಯೇ ಮೂಸಿ ಅರ್ಜಿದಾರರಿಗೆ ಲಿಖಿತ ವರದಿ ನೀಡಬಹುದು. "ಘಮ ಏನು ಕಾಗದದಲ್ಲಿ ಬರೆದು ಕೊಡೋ ವಸ್ತುವೇನ್ರೀ? ನಿಮ್ಮ ಮನೇಲಿ ಮಕ್ಕಳೇ ಹುಟ್ಟಿಲ್ವಾ?" ಎಂದು ಸದರಿ ಅಜ್ಜಿ ದೂರವಾಣಿಯಲ್ಲಿ ಕೇಳಿದ್ದು, ಪ್ರಶ್ನೆ ಪರಿಶೀಲನೆಯಲ್ಲಿದೆ.

೬. ಇಲಿಗಳನ್ನೇ ತೆಗೆಸಬಾರದೇಕೆ ಎಂಬ ಸಲಹೆಯನ್ನೂ ಗಮನಿಸಲಾಗಿದೆ. ಇಲಿಗಳು ಈ ಇಲಾಖೆಯ ಸಿಬ್ಬಂದಿಯಲ್ಲವಾದ್ದರಿಂದ ಅವುಗಳ ತೆರವಿಗೆ ನಿಯಮದಲ್ಲಿ ಅವಕಾಶವಿಲ್ಲ.

ಸಹಿ/-
ಮೇಲ್ವಿಚಾರಕರು
(ಕೊಠಡಿಯ ಹೊರಗೆ, ಮೂಗು ಹಿಡಿದುಕೊಂಡು ಸಹಿ ಮಾಡಿದೆ)

ಪ್ರತಿಗಳು:
ವೈದ್ಯೆಗೆ, ಬಲ ಹೊಳ್ಳೆಯ ತಂಟೆಗೆ ಹೋಗದಿರಲು.
ಉಗ್ರಾಣಕ್ಕೆ, ಗಾಳಿ ಅಳೆದಿಡಲು.
ಅಜ್ಜಿಗೆ, ವರದಿಯ ನಮೂನೆ ಸಹಿತ.
ದಾಖಲೆ ಗುಮಾಸ್ತರಿಗೆ, ಒಪ್ಪಿಗೆಯ ಸಹಿಗಾಗಿ. ಸಹಿ ಕೋರಲಾಗಿ ಸದರಿಯವರು ಕೊಠಡಿಯ ಬೀಗದ ಕೈಯನ್ನು ಮೇಲ್ವಿಚಾರಕರ ಮೇಜಿನ ಮೇಲಿಟ್ಟು, "ಮಾಡಲ್ಲ ಸ್ವಾಮಿ" ಎಂದಿರುತ್ತಾರೆ.