ಫೆಡ್ಡೋ ಜೋರ್ಕಿಯೋ

ಬೇಳೆಡಬ್ಬಿ ತೆಗೆಯಲು ಕಪಾಟಿಗೆ ಕೈಹಾಕಿದ ಸುಧಾರಾಣಿಯ ಕಾಲಬೆರಳ ಮೇಲೆ ಹಳೇ ರಷ್ಯನ್ ಕ್ಯಾಮೆರಾ ಬಿತ್ತು. ಗಂಡ ವೀರೇಂದ್ರ ಓಡಿಬಂದವನೇ ಮೊದಲು ಕ್ಯಾಮೆರಾ ಎತ್ತಿ, ಶಟರ್ ಒತ್ತಿ, ಕಿವಿಗೆ ಹಿಡಿದು ಸದ್ದು ಕೇಳಿದ. ಅವನ ಗ್ರಹಚಾರ ಕೆಟ್ಟದ್ದು ಅಲ್ಲೇ.

"ನಿಮ್ಮ ಎರಡು ಕ್ಯಾಮೆರಾದಾಗ ಒಂದು ಇವತ್ತ ಮನೀ ಬಿಡಬೇಕ್ರಿ," ಎಂದಳು ಆಕೆ, ಬೆರಳು ನೀವಿಕೊಳ್ಳುತ್ತ.

ರಾಣೆಬೆನ್ನೂರಿನ ಬೀಜದ ಕಂಪನಿಯಲ್ಲಿ ಗುಮಾಸ್ತನಾದ ವೀರೇಂದ್ರನಿಗೆ ಇದು ಹೆತ್ತ ಮಕ್ಕಳಲ್ಲಿ ಒಬ್ಬನನ್ನು ಆರಿಸು ಎಂದಂತಾಯಿತು. ಒಂದು ಕ್ಯಾಮೆರಾದ ಹೆಸರು ಫೆಡ್, ಇನ್ನೊಂದರದು ಜೋರ್ಕಿ. ಫೆಡ್ ಕೈಗೆ ಹಿತವಾಗಿ ಕೂರುತ್ತಿತ್ತು. ಆದರೆ ಬೆಳಕು ತಡೆಯುವ ಅದರ ಶಟರಿನ ಬಟ್ಟೆಯಲ್ಲಿ ಸಣ್ಣ ತೂತುಗಳಿದ್ದು, ತೆಗೆದ ಫೋಟೋದಲ್ಲೆಲ್ಲ ಬಿಳಿ ಚುಕ್ಕೆ. ಜೋರ್ಕಿಯ ಫೋಟೋ ಸ್ವಚ್ಛ, ಆದರೆ ಫೋಕಸ್ ರಿಂಗ್ ತಿರುಗಿಸುವುದೆಂದರೆ ತುಕ್ಕು ಹಿಡಿದ ರಾಟೆ ಎಳೆದಂತೆ.

ಜಗಳದ ವಾಸನೆ ಹಿಡಿದು ಪಕ್ಕದ ಮನೆಯ ಮೈಲಾರೆಪ್ಪ ಬಂದರು. ನಿವೃತ್ತ ಕಂಡಕ್ಟರ್. "ಕೊಡ ಇಲ್ಲೆ, ನಾ ನೋಡ್ತೇನಿ," ಎಂದು ಜೋರ್ಕಿ ಕಸಿದುಕೊಂಡು ಮೇಲಿನ ಸ್ಪೀಡ್ ಚಕ್ರ ತಿರುವಿದರು.

"ಕಾಕಾ, ಮೊದಲ ಕೀಲಿ ಕೊಡಬೇಕು, ಆಮ್ಯಾಲ ಸ್ಪೀಡ್ ತಿರುವಬೇಕು..."

ಒಳಗೇನೋ ಕಟಕ್ಕೆಂದಿತು. ಜೋರ್ಕಿ ಹಟ ಹಿಡಿದ ಎತ್ತಿನಂತೆ ನಿಂತುಬಿಟ್ಟಿತು.

"ಚಲೋ ಆತು ಬಿಡು. ಕೆಟ್ಟದ್ದನ್ನ ಕೊಡು, ಚಲೋದನ್ನ ಇಟ್ಕೋ."

"ಕೆಟ್ಟದ್ದನ್ನ ಯಾರ ತಗೋತಾರ ಕಾಕಾ?"

ಎರಡನ್ನೂ ಚೀಲಕ್ಕೆ ಹಾಕಿಕೊಂಡು ವೀರೇಂದ್ರ ಬ್ಯಾಡಗಿ ಬಸ್ಸು ಹತ್ತಿದ. ಅಲ್ಲಿ ಹಳೇ ಕ್ಯಾಮೆರಾ ರಿಪೇರಿ ಮಾಡುವ ಶಾನವಾಜ ಜೋರ್ಕಿಯ ತಲೆ ಬಿಚ್ಚಿ, ಚಿಮಟದಿಂದ ಏನೋ ಸರಿಸಿ, ಶಟರ್ ಒತ್ತಿದ. ಆ ಸದ್ದು ಕೇಳಿದಾಗಲೇ ವೀರೇಂದ್ರ ಉಸಿರು ಬಿಟ್ಟದ್ದು.

"ಹಿಡಿಯಾಕ ಫೆಡ್ ಚಲೋ ಐತ್ರಿ ಸರ," ಮನೆಯ ತಕರಾರು ತಿಳಿದ ಶಾನವಾಜ ಎರಡನ್ನೂ ಕೈಯಲ್ಲಿ ತೂಗಿ ನೋಡಿದ. "ಆದ್ರ ಜೋರ್ಕಿ ಒಳಗ ಗಟ್ಟಿ. ಅದನ್ನ ಇಟ್ಕೊಳ್ರಿ. ಫೆಡ್ ನನಗ ಬಿಡ್ರಿ, ಬಟ್ಟಿ ಬದಲಿಸಿ ಸಾಕ್ಕೋತೇನಿ."

ವೀರೇಂದ್ರ ಫೆಡ್ಡನ್ನು ಒಮ್ಮೆ ಸವರಿ ಅವನ ಕೈಗಿಟ್ಟ. ಶಾನವಾಜ ಪೇಪರಿನಲ್ಲಿ ಸುತ್ತಿ ತುಂಬಿಕೊಟ್ಟ ಚೀಲ ಎದೆಗವಚಿಕೊಂಡು, ಹಿಂದೆ ನೋಡದೆ ಬಂದುಬಿಟ್ಟ.

ಮನೆಯಲ್ಲಿ ಸುಧಾರಾಣಿ ಚೀಲ ಬಿಚ್ಚಿದಳು. ಒಂದು ಜೋರ್ಕಿ. ಅದರ ಕೆಳಗೆ ಇಟ್ಟಿಗೆಯಂಥ ಇನ್ನೊಂದು ಕ್ಯಾಮೆರಾ.

ವೀರೇಂದ್ರ ಗಾಬರಿಯಿಂದ ಫೋನು ಹಚ್ಚಿದ. "ಅದು ಕೀವ್ ಅಂತ, ನನ್ನ ಹಳೇ ಕ್ಯಾಮೆರಾ ರಿ ಸರ," ಎಂದ ಶಾನವಾಜ. "ಒಂದು ಮನೀಗೆ ಬಂದ್ರ ಒಂದು ಹೋಗಬೇಕು ಅಂತ ನಮ್ಮ ಮನ್ಯಾಕಿ ಸಾನಿಯಾನ ಕಾನೂನು. ನಿಮ್ಮ ಕೈಯಾಗಾದ್ರ ಸುಖವಾಗಿರ್ತೈತಿ ಅಂತ ಹಾಕೇನಿ."

ಪಕ್ಕದಲ್ಲೇ ನಿಂತು ಕೇಳುತ್ತಿದ್ದ ಸುಧಾರಾಣಿ ಫೋನು ಕಸಿದುಕೊಂಡಳು. "ಸಾನಿಯಾಗ ಕೊಡ್ರಿ."

ಮಾತು ಪಡಸಾಲೆಯಿಂದ ಹಿತ್ತಲಿಗೆ ಹೋಯಿತು. ಮೊದಲು ಬೈಗುಳ, ಆಮೇಲೆ ಪಿಸುಮಾತು, ಕೊನೆಗೆ ನಗು. ಕೀವ್ ಕಣ್ಣಿಗೆ ಹಿಡಿದು ಕೂತ ವೀರೇಂದ್ರನ ಜೀವ ತಣ್ಣಗಾಯಿತು.

"ನಿಮ್ಮ ಹುಚ್ಚು ನಿಮಗಿರ್ಲಿ, ಇಟ್ಕೊಳ್ರಿ ಎರಡನ್ನೂ," ಎಂದಳು ಒಳಬಂದ ಸುಧಾರಾಣಿ. "ಬರೋ ವಾರ ನಾನೂ ಸಾನಿಯಾನೂ ಬಾದಾಮಿ ನೋಡಾಕ ಹೊಂಟೇವಿ."

"ಫೋಟೋ ತಗ್ಯಾಕ ನಾನೂ ಬರ್ಲೇನ?"

"ಬ್ಯಾಡ್ರಿ. ಮೊಬೈಲ್ ಐತಿ."